ಪೆಡಲಿನ ಮುನಿಸು

ಗಿಟಾರ್ ಸರಿಯಾಗಿ ನುಡಿಸಲು ಬಾರದವನಿಗೆ ಡಿಲೇ ಪೆಡಲಿನಂಥ ಆಪದ್ಬಾಂಧವ ಇನ್ನೊಬ್ಬನಿಲ್ಲ. ಒಂದು ಸ್ವರ ಮೀಟಿದರೆ ಅದು ನಾಲ್ಕಾಗಿ ತಿರುಗಿ ಬರುತ್ತದೆ. ಕೇಳುವವರು, ಹುಡುಗ ಸಾಧನೆ ಮಾಡಿದ್ದಾನೆ ಅಂದುಕೊಳ್ಳುತ್ತಾರೆ. ಅಂಗಡಿಯ ಪೆಡಲಿನ ಬೆಲೆ ಕೇಳಿ ಎದೆ ಧಸಕ್ಕೆಂದಿದ್ದರಿಂದ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ತಂದು ನಾನೇ ಒಂದನ್ನು ಕಟ್ಟಿಕೊಂಡೆ.

ಅದರ ಜೀವವೆಲ್ಲ ಪಿಟಿ2399 ಎಂಬ 16 ಕಾಲಿನ ಚಿಪ್‌ನಲ್ಲಿದೆ. ತೈವಾನಿನ ಕಂಪನಿಯೊಂದರ ಈ ಚಿಪ್ ಕ್ಯಾರಿಯೋಕೆ ಯಂತ್ರಗಳಿಗೆಂದು ಹುಟ್ಟಿದ್ದು. ಎಕೋ ಬೆರೆಸಿ ಬೇಸುರದವರ ಮಾನ ಕಾಪಾಡುವುದು ಅದರ ಕುಲಕಸುಬು. ನನ್ನ ಕೈಗೆ ಸಿಕ್ಕಿದ್ದರಲ್ಲಿ ಅದಕ್ಕೇನೂ ಅನ್ಯಾಯವಾಗಿಲ್ಲ. ಬಂದ ಸದ್ದನ್ನು ಅಂಕಿಗಳಾಗಿಸಿ, ತುಸು ಹೊತ್ತು ಇಟ್ಟುಕೊಂಡು, ವಾಪಸ್ ಬಿಡುತ್ತದೆ. ಎಷ್ಟು ಹೊತ್ತು ಎಂಬುದು ಆರನೇ ಕಾಲಿನಿಂದ ಗ್ರೌಂಡಿಗೆ ಹಾಕಿದ ರೆಸಿಸ್ಟರಿನ ಮರ್ಜಿ: 27 ಕಿಲೋ ಓಮ್‌ನಷ್ಟಿದ್ದರೆ ಸುಮಾರು 340 ಮಿಲಿಸೆಕೆಂಡು, ಅರ್ಧ ಕಿಲೋ ಓಮ್ ಇದ್ದರೆ ಬರೀ 30. ಪೆಡಲಿನ ಡಿಲೇ ನಾಬ್ ತಿರುಗಿಸಿದಾಗ ಬದಲಾಗುವುದು ಈ ರೆಸಿಸ್ಟೆನ್ಸೇ.

ರಾತ್ರಿ ಸೊಗಸಾಗಿ ನುಡಿಯುತ್ತಿದ್ದ ಪೆಡಲ್ ಬೆಳಗಾದರೆ ಮುನಿಸಿಕೊಳ್ಳತೊಡಗಿತು. ಗಿಟಾರಿನ ಸದ್ದು ಹಾದು ಹೋಗುತ್ತದೆ, ಮರುದನಿ ಮಾತ್ರ ನಾಪತ್ತೆ. ಬಿಚ್ಚಿ ಟೇಬಲಿನ ಮೇಲೆ ಹರಡಿ, ಎಲ್ಲ ನಾಬ್‌ಗಳನ್ನೂ ಹಿಂದೆಮುಂದೆ ತಿರುವಿ, ಆಫ್ ಮಾಡಿ ಆನ್ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಹಾಡುತ್ತದೆ. ಡಾಕ್ಟರ ಮುಂದೆ ಕೂತೊಡನೆ ನಿಂತುಹೋಗುವ ಹೊಟ್ಟೆನೋವಿನ ಹಾಗೆ.

ರೋಗಿ ಒಬ್ಬನೇ, ವೈದ್ಯರು ಮನೆ ತುಂಬ. ತಮ್ಮ ಬ್ಯಾಟರಿ ಅಂದ. ಅತ್ತೆ ದೃಷ್ಟಿಯಾಗಿದೆ ಅಂದರು. ಯುಪಿಎಸ್ ರಿಪೇರಿ ಮಾಡುವ ಪಕ್ಕದ ಮನೆಯವರು, “ಡ್ರೈ ಸೋಲ್ಡರ್ ಕಣ್ರೀ, ಕಣ್ಣು ಮುಚ್ಚಿ ಹೇಳ್ತೀನಿ” ಅಂದರು. ಕಣ್ಣು ಮುಚ್ಚಿಯೇ ಹೇಳಿದರು. ನಾನು ಮಲ್ಟಿಮೀಟರ್ ಹಿಡಿದೆ. ಮೊದಲ ಕಾಲಿನಲ್ಲಿ 5 ವೋಲ್ಟ್, ಎರಡನೆಯದರಲ್ಲಿ ಅದರ ಅರ್ಧ, ಎಲ್ಲ ಶಾಸ್ತ್ರೋಕ್ತ. ವೈರಿನ ತುದಿಗೆ ಕೆಪಾಸಿಟರ್ ಕಟ್ಟಿ, ಇನ್ನೊಂದು ತುದಿಯನ್ನು ಆಂಪ್ಲಿಫೈಯರಿಗೆ ಕೊಟ್ಟು, ಸದ್ದು ಎಲ್ಲಿ ಕಳೆದುಹೋಗುತ್ತಿದೆ ಎಂದು ಕಾಲು ಕಾಲಿಗೂ ಮುಟ್ಟಿಸಿ ನೋಡಿದೆ. ಒಮ್ಮೆ ವೈರ್ ಎಲ್ಲಿಗೂ ತಗಲದೆ ತೂಗಾಡುತ್ತಿದ್ದಾಗ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಸಣ್ಣಗೆ ಕೇಳಿಸಿತು, ರೈತರಿಗೆ ಏನೋ ಸಲಹೆ. ಪೆಡಲಿಗೆ ಬೇಕಾದ ಸಲಹೆ ಅದರಲ್ಲಿರಲಿಲ್ಲ.

ಗುಟ್ಟು ಸಿಕ್ಕಿದ್ದು ಅಮ್ಮ ಧೂಳು ಒರೆಸುವಾಗ. ಒಲೆ, ಫ್ಯಾನಿನ ರೆಗ್ಯುಲೇಟರು, ಮಿಕ್ಸಿ, ತಿರುಗುವಂಥದ್ದು ಯಾವುದು ಕಂಡರೂ ಸೊನ್ನೆಗೆ ತಿರುಗಿಸಿಡುವುದು ಅವಳ ವ್ರತ. ಪೆಡಲಿನ ಮೂರು ನಾಬ್‌ಗಳಿಗೂ ದಿನಾ ಬೆಳಗ್ಗೆ ಅದೇ ಸಂಸ್ಕಾರ ಆಗುತ್ತಿತ್ತು: ಎಡಕ್ಕೆ, ಕೊನೆಯವರೆಗೆ. ಡಿಲೇ ನಾಬ್ ಎಡತುದಿಯಲ್ಲಿದ್ದರೆ ರೆಸಿಸ್ಟೆನ್ಸ್ ಸೊನ್ನೆಯ ಹತ್ತಿರ; ಪಿಟಿ2399ಗೆ ಇದು ವಿಷ. ಕರೆಂಟು ಬಂದ ಮೊದಲ ಅರ್ಧ ಸೆಕೆಂಡಿನೊಳಗೆ ಆರನೇ ಕಾಲಿನ ರೆಸಿಸ್ಟೆನ್ಸ್ ಸುಮಾರು 2 ಕಿಲೋ ಓಮ್‌ಗಿಂತ ಕಡಿಮೆ ಇದ್ದರೆ ಚಿಪ್ ಕಚ್ಚಿಕೊಂಡು ಕೂತುಬಿಡಬಹುದು. ಆಮೇಲೆ ನಾಬ್ ಎಷ್ಟು ತಿರುವಿದರೂ ಜಪ್ಪಯ್ಯ ಅನ್ನುವುದಿಲ್ಲ; ಕರೆಂಟು ಕಿತ್ತು ಮತ್ತೆ ಕೊಡಬೇಕು.

ಅಮ್ಮನಿಗೆ ವಿವರಿಸಿದೆ. “ಸೊನ್ನೆಗಿಟ್ಟರೆ ಕೆಡೋ ಸಾಮಾನಿಗೆ ಸೊನ್ನೆ ಯಾಕೆ ಇಟ್ಟಿದಾರೆ?” ಎಂದಳು. ನಾನು ಹಿಡಿದುಕೊಂಡಿದ್ದ ಸರ್ಕ್ಯೂಟ್ ನಕ್ಷೆ ಬರೆದ ಪುಣ್ಯಾತ್ಮ ಈ ಪ್ರಶ್ನೆ ಕೇಳಿಕೊಂಡಿದ್ದರೆ ನನ್ನ ನಿದ್ದೆ ಉಳಿಯುತ್ತಿತ್ತು. ಮದ್ದು ಸುಲಭ: ಡಿಲೇ ನಾಬಿನ ಜೊತೆ ಸಾಲಾಗಿ ಒಂದು 2.7 ಕಿಲೋ ಓಮ್ ರೆಸಿಸ್ಟರ್. ಕೆಂಪು, ನೇರಳೆ, ಕೆಂಪು ಪಟ್ಟೆಯ, ಅಕ್ಕಿಕಾಳಿಗಿಂತ ತುಸು ದಪ್ಪದ್ದು. ಅಂಗಡಿಯವನು ಒಂದೇ ಒಂದು ಕೊಡಲು ಒಪ್ಪದೆ ಒಂದು ಪಟ್ಟಿಯನ್ನೇ ಕತ್ತರಿಸಿ ಕೊಟ್ಟ.

ಈಗ ಅಮ್ಮ ಎಷ್ಟು ಎಡಕ್ಕೆ ತಿರುಗಿಸಿದರೂ ಪೆಡಲ್ ಬೆಳಬೆಳಗ್ಗೆಯೇ ಹಾಡುತ್ತದೆ. ಮೊನ್ನೆ ಕೊನೆಗೂ ಅವಳಿಗೆ ಕೇಳಿಸಿದೆ. ಒಂದೊಂದು ಸ್ವರವೂ ನಾಲ್ಕು ನಾಲ್ಕು ಸಲ ಬಂದು ಹೋಗುವವರೆಗೆ ಸೌಟು ಹಿಡಿದು ನಿಂತಿದ್ದಳು. “ಚೆನ್ನಾಗಿದೆ. ಆದರೆ ಒಂದು ಸಲ ಕೇಳಿಸಿದ್ದೇ ಸಾಕಿತ್ತಲ್ಲೋ.”