ಠೇಕೇದಾರರ ಸಮುದ್ರಯಾನ

ನಮ್ಮ ಬೀದರ್ ಜಿಲ್ಲೆಯ ಬಗದಲ್‌ನಿಂದ ಯಾವ ದಿಕ್ಕಿಗೆ ನಡೆದರೂ 350 ಕಿಲೋಮೀಟರ್ ಒಳಗೆ ಸಮುದ್ರ ಸಿಗುವುದಿಲ್ಲ. ಆದರೂ ನಮ್ಮ ಠೇಕೇದಾರರು ಸಮುದ್ರ ಗೆದ್ದು ಬಂದರು. ಹೆಂಡತಿ, ಇಬ್ಬರು ಮಕ್ಕಳು, ಅವ್ವ, ಜೊತೆಗೆ ಮೊಬೈಲ್ ಹಿಡಿಯಲಿಕ್ಕೆ ಒಬ್ಬ ಅಳಿಯ. ಮುಂಬೈಯಿಂದ ಗೋವಾ, ಗೋವಾದಿಂದ ಮುಂಬೈ. ಬಂದ ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಬ್ಯಾನರ್ ಎದ್ದಿತು. ಕ್ರೂಸ್ ಪ್ರವಾಸ ಯಶಸ್ವಿಯಾಗಿ ಮುಗಿಸಿ ಬಂದವರಿಗೆ ಹಾರ್ದಿಕ ಸ್ವಾಗತವಂತೆ. ಟಿಕೆಟ್ ತೆಗೆದು ಹತ್ತಿ, ನಾಲ್ಕು ಹೊತ್ತು ಉಂಡು, ಮಲಗಿ, ಇಳಿದು ಬರುವ ಕೆಲಸದಲ್ಲಿ ಅಯಶಸ್ವಿ ಆಗುವುದು ಹೇಗೆ ಅಂತ ಯಾರೂ ಕೇಳಲಿಲ್ಲ.

ಯಾವ ಠೇಕೇದಾರರು ಅಂತ ಕೇಳಬೇಡಿ. ನಿಮ್ಮೂರಲ್ಲೂ ಒಬ್ಬರಿದ್ದಾರೆ. ನಮ್ಮವರು ರಸ್ತೆ ಮಾಡಿದರು. ಮೊದಲ ಮಳೆಗೆ ಅದು ಹೋಯಿತು. ಚರಂಡಿ ಕಟ್ಟಿದರು. ಅದು ಮನೆಗಳ ಹೊಸ್ತಿಲಿಗಿಂತ ಎತ್ತರದಲ್ಲಿದೆ. ನೀರಿನ ಪೈಪು ಹೂತರು. ಅದರಲ್ಲಿ ಗಾಳಿ ಬರುತ್ತದೆ, ಅದೂ ದಿನ ಬಿಟ್ಟು ದಿನ.

"ಏನ್ ಹೇಳ್ಬೇಕ್ರಿ ಕಾಕಾ, ಹಡಗ ಜರಾನೂ ಅಲ್ಲಾಡಂಗಿಲ್ಲ" ಅಂದರು, ಪ್ರವಾಸದಿಂದ ಬಂದ ಠೇಕೇದಾರರು.

"ಅದರ ಠೇಕಾ ನಿಮಗ ಕೊಟ್ಟಿಲ್ಲಲ್ರಿ, ಅದಕ್ಕ" ಅಂದೆ.

ನಕ್ಕರು. ನಮ್ಮಲ್ಲಿ ಬೈದರೂ ನಗುತ್ತಾರೆ. ಬಿಲ್ ಪಾಸಾಗಿದ್ದರೆ ಯಾವ ಮಾತೂ ಚುಚ್ಚುವುದಿಲ್ಲ.

ಮುಂಬೈಗೆ ಹೋದದ್ದು ರಾತ್ರಿ ರೈಲಿನಲ್ಲಿ. ವಿಮಾನದ ಮಾತು ಎತ್ತಬೇಡಿ. ಬೀದರಿನ ವಿಮಾನ 2020ರ ಫೆಬ್ರವರಿಯಲ್ಲಿ ಬೆಂಗಳೂರಿಗೆ ಹಾರಿತು, ನಿಂತಿತು. 2022ರಲ್ಲಿ ಹಾರಿತು, ಮತ್ತೆ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಹಾರಿತು. ಹಾರಿದಾಗಲೆಲ್ಲ ಹಾರ, ತುರಾಯಿ, ಫೋಟೊ. ನಿಂತಾಗ ಬೀಳ್ಕೊಡಲು ಒಬ್ಬ ಗಣ್ಯರೂ ಬರಲಿಲ್ಲ.

ಹಡಗು ಹತ್ತುವ ಮುನ್ನ ಠೇಕೇದಾರರಿಗೆ ದೇಶಪ್ರೇಮ ಉಕ್ಕಿತ್ತು. ವಿದೇಶಕ್ಕೆ ಹೋಗದೆ ಸ್ವದೇಶಿ ಕ್ರೂಸ್‌ನಲ್ಲಿ ಹೊರಟಿದ್ದೇವೆ ಅಂತ ಸ್ಟೇಟಸ್ ಹಾಕಿದರು. ಈ ಸ್ವದೇಶಿಯ ಕತೆಯೂ ಕೇಳಿ. 2021ರ ಸೆಪ್ಟೆಂಬರ್‌ನಲ್ಲಿ ಐಆರ್‌ಸಿಟಿಸಿ ಮೊದಲ ಸ್ವದೇಶಿ ಐಷಾರಾಮಿ ಕ್ರೂಸ್ ಎಂದು ಡಂಗುರ ಹೊಡೆದು ಟಿಕೆಟ್ ಮಾರಿತಲ್ಲ, ಆ ಹಡಗು 1990ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು. ಅಮೆರಿಕದವರು ಮೂರು ದಶಕ ಓಡಿಸಿ ಬಿಟ್ಟದ್ದಕ್ಕೆ ನಾವು ಹೆಸರು ಬದಲಿಸಿ ಕುಂಕುಮ ಹಚ್ಚಿದೆವು. ಊರಿನ ಹೆಸರು ಬದಲಿಸಿ ಅಭಿವೃದ್ಧಿ ಮಾಡಿದವರಿಗೆ ಹಡಗಿನ ಹೆಸರು ಯಾವ ಲೆಕ್ಕ?

ಸರ್ಕಾರಕ್ಕೂ ಕ್ರೂಸ್ ಹುಚ್ಚು ಹಿಡಿದಿದೆ. 2024ರ ಸೆಪ್ಟೆಂಬರ್ 30ಕ್ಕೆ ಕ್ರೂಸ್ ಭಾರತ್ ಮಿಷನ್ ಶುರುವಾಯಿತು. 2029ರೊಳಗೆ 10 ಲಕ್ಷ ಜನರನ್ನು ಸಮುದ್ರದಲ್ಲಿ ತೇಲಿಸುವ ಗುರಿ. 2025ರ ಸೆಪ್ಟೆಂಬರ್ 20ಕ್ಕೆ ಮುಂಬೈಯ ಬಲ್ಲಾರ್ಡ್ ಪಿಯರ್‌ನಲ್ಲಿ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಅದೇ ತಿಂಗಳ ಕೊನೆಗೆ ನಮ್ಮ ಜಿಲ್ಲೆಯಲ್ಲಿ ಮಾಂಜ್ರಾ ನದಿ ಉಕ್ಕಿತು. ಔರಾದ, ಭಾಲ್ಕಿ ಕಡೆಯ ಹೊಲಗಳಲ್ಲಿ ಸೋಯಾ, ತೊಗರಿ ನೀರಲ್ಲಿ ನಿಂತು ಕೊಳೆತವು. ತೇಲಿಸುವ ಗುರಿಯನ್ನು ನಮ್ಮ ಜಿಲ್ಲೆ ನಾಲ್ಕು ವರ್ಷ ಮೊದಲೇ ಮುಟ್ಟಿತು. ಟಿಕೆಟ್ ಇಲ್ಲದೆ.

ಅದೇ 2025ರ ಸೆಪ್ಟೆಂಬರ್ 30ಕ್ಕೆ ಮುಖ್ಯಮಂತ್ರಿಗಳು ಈ ನೆರೆಯನ್ನು ಮೇಲಿನಿಂದ ನೋಡಿದರು. ನೀರು ಮೇಲಿನಿಂದ ಚಂದ ಕಾಣುತ್ತದೆ. ಮಳೆಯಾಶ್ರಿತ ಬೆಳೆಗೆ ನಿಯಮದ 8,500 ರೂಪಾಯಿಗೆ ಇನ್ನೊಂದು 8,500 ಸೇರಿಸಿ ಹೆಕ್ಟೇರಿಗೆ 17,000 ಎಂದರು. ಹೆಕ್ಟೇರ್ ಎಂದರೆ ಎರಡೂವರೆ ಎಕರೆ. ಒಂದು ಹಂಗಾಮಿನ ಬೀಜ, ಗೊಬ್ಬರ, ಕೂಲಿ, ಸಾಲ, ಕನಸು ಎಲ್ಲ ಅದರೊಳಗೆ. ಆ ಹಣಕ್ಕೆ ಹಡಗಿನಲ್ಲಿ ಬಾಲ್ಕನಿ ಇರುವ ಕೋಣೆ ಒಂದು ರಾತ್ರಿಗೂ ಸಿಗುವುದಿಲ್ಲ ಎಂದು ಠೇಕೇದಾರರೇ ಹೇಳಿದರು. ಅಭಿಮಾನದಿಂದ ಹೇಳಿದರು.

ಹಡಗು ಹತ್ತಿದ ಕೂಡಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರಂತೆ. ಲೈಫ್ ಜಾಕೆಟ್ ಎಲ್ಲಿದೆ, ಹೇಗೆ ಹಾಕಬೇಕು, ಸೈರನ್ ಆದರೆ ಯಾವ ಕಡೆ ಓಡಬೇಕು, ಎಲ್ಲ ಪಾಠ. ಮತದಾನದ ಸಾಲಿನಲ್ಲೂ ನಿಲ್ಲದ ನಮ್ಮ ಠೇಕೇದಾರರು ಅಲ್ಲಿ ಬಾಯಿ ಮುಚ್ಚಿ ನಿಂತರು. ಬೀದರಿನಲ್ಲಿ ಹೆಲ್ಮೆಟ್ ಕೇಳಿದ ಪೊಲೀಸಪ್ಪನಿಗೆ ಶಾಸಕರ ನಂಬರ್ ತೋರಿಸುವವರು ಇವರೇ.

ಈ ಪಾಠಕ್ಕೂ ಒಂದು ಕಾರಣವಿದೆ. 2012ರ ಜನವರಿಯಲ್ಲಿ ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿತು. 32 ಜನ ಸತ್ತರು. ಕ್ಯಾಪ್ಟನ್ ಪ್ರಯಾಣಿಕರನ್ನು ಬಿಟ್ಟು ಮೊದಲೇ ಇಳಿದು ಹೋದ. ಅಲ್ಲಿಯ ನ್ಯಾಯಾಲಯ 16 ವರ್ಷ ಜೈಲು ಹಾಕಿತು. ಜಗತ್ತಿನ ನಿಯಮವೇ ಬದಲಾಯಿತು, ಹಡಗು ಹೊರಡುವ ಮುನ್ನ ಅಥವಾ ಹೊರಟ ಕೂಡಲೇ ಈ ಪಾಠ ಆಗಲೇಬೇಕು ಎಂದು. ನಮ್ಮಲ್ಲಿ ಮುಳುಗುವ ಪಕ್ಷದಿಂದ ಮೊದಲು ಇಳಿದವನಿಗೆ ಮಂತ್ರಿಗಿರಿ ಕೊಡುತ್ತೇವೆ.

ನಮ್ಮ ರಾಜ್ಯದಲ್ಲೇ ನೋಡಿ, 2019ರ ಜನವರಿ 21ಕ್ಕೆ ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿತು. 16 ಜನ ಹೋದರು. ಹೆಚ್ಚಿನವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅವರೂ ಕುಟುಂಬ ಸಮೇತ ಹೋಗಿದ್ದವರೇ. ಆದರೆ ಅವರದು ಕ್ರೂಸ್ ಆಗಿರಲಿಲ್ಲ, ದೇವರ ದರ್ಶನವಾಗಿತ್ತು. ನಮ್ಮ ದೇಶದಲ್ಲಿ ಜೀವದ ಬೆಲೆ ಟಿಕೆಟಿನ ಮೇಲೆ ಅಚ್ಚಾಗಿರುತ್ತದೆ.

ನೀರಿಗೆ ಬರುತ್ತೇನೆ. ಅಲ್ಲೇ ನನ್ನ ಹೊಟ್ಟೆ ಉರಿಯುವುದು.

ಹಡಗಿನಲ್ಲಿ ಇಪ್ಪತ್ನಾಲ್ಕು ತಾಸು ಬಿಸಿನೀರು, ತಣ್ಣೀರು. ಮೇಲಿನ ಅಂತಸ್ತಿನಲ್ಲಿ ಈಜುಕೊಳ. ಸಮುದ್ರದ ಉಪ್ಪುನೀರನ್ನು ಯಂತ್ರದಲ್ಲಿ ಸಿಹಿ ಮಾಡಿ ನಲ್ಲಿಗೆ ಬಿಡುತ್ತಾರೆ. ಠೇಕೇದಾರರು ಇದನ್ನು ಊರಿಗೆಲ್ಲ ಬೆರಗಿನಿಂದ ಹೇಳಿದರು. "ನಲ್ಲಿ ತಿರುವಿದ್ರ ನೀರ ಬರ್ತದ್ರಿ ಕಾಕಾ!" ನಲ್ಲಿ ತಿರುವಿದರೆ ನೀರು ಬರುವುದನ್ನು ಪವಾಡದಂತೆ ಹೇಳುತ್ತಿರುವವರು ನಮ್ಮೂರಿನ ನಲ್ಲಿಗಳ ಠೇಕೇದಾರರು. ಕೇಳಿದ ಹತ್ತು ಜನ ಬೆರಗಾದರು. ಒಬ್ಬರಿಗೂ ಸಿಟ್ಟು ಬರಲಿಲ್ಲ.

ಜಲಜೀವನ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ಕ್ಕೆ. ದಿನಕ್ಕೆ ತಲೆಗೆ 55 ಲೀಟರ್ ಎಂದರು. 2024ಕ್ಕೆ ಮನೆಮನೆಗೆ ನಲ್ಲಿ ಎಂದರು. ಆ ಗಡುವು ಈಗ 2028ಕ್ಕೆ ಹೋಗಿದೆ. 55 ಲೀಟರ್ ಎಂದರೆ ನಾಲ್ಕೈದು ಬಕೆಟ್. ಅಷ್ಟನ್ನು ಠೇಕೇದಾರರ ಮಗ ಹಡಗಿನ ಷವರ್ ಕೆಳಗೆ ಹಾಡು ಮುಗಿಯುವ ಮೊದಲು ಸುರಿದ. ನಡು ಸಮುದ್ರದಲ್ಲಿ ಸಿಹಿನೀರು ಕೊಡಲು ಬರುತ್ತದೆ. ಕಾರಂಜಾ ಜಲಾಶಯ ಇರುವ ಜಿಲ್ಲೆಯಲ್ಲಿ ಬರುವುದಿಲ್ಲ. ಇದಕ್ಕೆ ಯಂತ್ರದ ಕೊರತೆ ಕಾರಣವಲ್ಲ. ಬಹಮನಿ ಕಾಲದವರು ಬೀದರಿನ ನೌಬಾದಿನಲ್ಲಿ ನೆಲದಡಿ ಸುರಂಗ ಕೊರೆದು ನೀರು ಹರಿಸಿದ್ದರು. ಅವರ ಬಳಿ ಮೋಟರ್ ಇರಲಿಲ್ಲ, ಅಂದಾಜು ಪಟ್ಟಿಯಲ್ಲಿ ಕಮಿಷನ್ ಎಷ್ಟಿತ್ತೋ ಇತಿಹಾಸಕಾರರು ಬರೆದಿಲ್ಲ.

ಕಾರಂಜಾ ಅಂದೆನಲ್ಲ. ನಮ್ಮ ಜಿಲ್ಲೆಯ ಮೊದಲ ಜಲಯಾತ್ರಿಗಳು ಅಲ್ಲಿಯ ರೈತರೇ. ಭಾಲ್ಕಿ ತಾಲ್ಲೂಕಿನಲ್ಲಿ ಅಣೆಕಟ್ಟು ಎದ್ದಿತು, ಅವರ ಹೊಲ ನೀರಿನಡಿ ಹೋಯಿತು. ನ್ಯಾಯವಾದ ಪರಿಹಾರ ಕೊಡಿ ಎಂದು ಬೀದರಿನಲ್ಲಿ ವರ್ಷಗಟ್ಟಲೆ ಧರಣಿ ಕೂತರು. ಅವರಿಗೆ ಯಾರೂ ಬ್ಯಾನರ್ ಕಟ್ಟಲಿಲ್ಲ. ಧರಣಿಯ ಪೆಂಡಾಲ್ ಮುಂದೆ ಹಾದುಹೋಗುವಾಗ ಇದೇ ಠೇಕೇದಾರರು ಕಾರಿನ ಗಾಜು ಏರಿಸಿ, "ಇವರಿಗಿ ಬ್ಯಾರೆ ಕೆಲಸ ಇಲ್ಲ" ಅಂದದ್ದನ್ನು ನಾನು ಕೇಳಿದ್ದೇನೆ. ಕಾರಿನೊಳಗೆ ನಾನೂ ಇದ್ದೆ.

ಇನ್ನು ಕಾನೂನು. ಅದೂ ದಡದಲ್ಲೇ ಇಳಿದುಬಿಡುತ್ತದೆ.

ದೇಶದ ಕಡಲಗಡಿ 12 ನಾಟಿಕಲ್ ಮೈಲಿಗೆ, ಎಂದರೆ ಸುಮಾರು 22 ಕಿಲೋಮೀಟರಿಗೆ ಮುಗಿಯುತ್ತದೆ. ದಡ ದೂರವಾದ ಮೇಲೆ ಹಡಗಿನ ಕ್ಯಾಸಿನೋ ಬಾಗಿಲು ತೆರೆಯುತ್ತದೆ. ಠೇಕೇದಾರರು ಕೋಟು ಹಾಕಿ ಕೂತು ಆಡಿ ಸೋತರು. ಆ ಫೋಟೊಗೆ ಇಡೀ ತಾಲ್ಲೂಕಿನಿಂದ ಲೈಕ್ ಬಿತ್ತು. ನಮ್ಮೂರ ಬೇವಿನ ಮರದ ಕೆಳಗೆ ಕೂಲಿಯವರು ಲುಂಗಿ ಉಟ್ಟು ಅಂದರ್ ಬಾಹರ್ ಆಡಿದರೆ ಕರ್ನಾಟಕ ಪೊಲೀಸ್ ಕಾಯ್ದೆ 1963ರ 87ನೇ ಕಲಂ ಎದ್ದು ಬರುತ್ತದೆ. ನಾಲ್ಕು ನೂರು ರೂಪಾಯಿ, 52 ಎಲೆ ಜಪ್ತಿ. ಮರುದಿನ ಪತ್ರಿಕೆಯಲ್ಲಿ ಹೆಸರು. ಎಲೆ ಅದೇ, ಚಟ ಅದೇ. ಉಟ್ಟ ಬಟ್ಟೆ ಬೇರೆ.

ಅದೇ 12 ಮೈಲಿಗೆ ಇನ್ನೊಂದು ಗುಣವಿದೆ. ಅದನ್ನು ದಾಟಿ ಹಡಗು ಸಾಗುತ್ತಿದ್ದರೆ ಸಂಸ್ಕರಿಸದ ಶೌಚದ ನೀರನ್ನೂ ನಿಧಾನವಾಗಿ ಸಮುದ್ರಕ್ಕೆ ಬಿಡಬಹುದು ಎನ್ನುತ್ತದೆ ಹಡಗುಗಳ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದ. ಹೊಸ ಹಡಗುಗಳಲ್ಲಿ ಸಂಸ್ಕರಣೆಯ ಯಂತ್ರ ಇರುತ್ತದೆ, ಆ ಮಾತು ಬೇರೆ. ಮೇಲೆ ಕುಳಿತವರು ಸೆಲ್ಫಿಯಲ್ಲಿ ಹಾಕುವುದು ಮಾತ್ರ 'ಪ್ರಕೃತಿಯ ಮಡಿಲಲ್ಲಿ' ಎಂದು. ಜಗತ್ತಿನ ಬಹುಪಾಲು ಕ್ರೂಸ್ ಹಡಗುಗಳು ಬಹಾಮಾಸ್, ಪನಾಮಾ, ಮಾಲ್ಟಾದಲ್ಲಿ ನೋಂದಣಿ ಆಗಿರುತ್ತವೆ. ತೆರಿಗೆ ಹಗುರ, ಕಾರ್ಮಿಕ ಕಾನೂನು ಹಗುರ. ಪುದುಚೇರಿ ನಂಬರಿನ ಕಾರು ಇಟ್ಟುಕೊಂಡು ರಸ್ತೆ ಸರಿಯಿಲ್ಲ ಎಂದು ಬೈಯುವ ನಮ್ಮ ಶ್ರೀಮಂತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಂಗಸರ ವಿಷಯ. ಅವ್ವ ಬುಟ್ಟಿ ತುಂಬ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದರು. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಎಂದರು. ಬುಟ್ಟಿ ದಡದಲ್ಲೇ ಉಳಿಯಿತು. ಒಳಗೆ ಬಫೆಯಲ್ಲಿ ಸಿರಿಧಾನ್ಯದ ರೊಟ್ಟಿ ಎಂದು ಅಂಗೈಯಗಲದ ಚೂರು ಇಟ್ಟಿದ್ದರಂತೆ, ಅದರ ಮುಂದೆ ಹೆಸರಿನ ಚೀಟಿ. ಅವ್ವ ಚೀಟಿ ಓದಲು ಬಾರದೆ ಅನ್ನ ಉಂಡರು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಭಜ್ಜಿ, ಅಂಬಲಿ ಉಣ್ಣಬೇಕು ಎಂಬುದು ಅವರ ಆಸೆ. ಆ ದಿನ ಬುಕಿಂಗ್ ಆಗಿತ್ತು. ಠೇಕೇದಾರರ ಹೆಂಡತಿಯದು ಇನ್ನೊಂದು ಕತೆ. ಬೀದರಿನ ಉಸ್ಮಾನ್‌ಗಂಜಿಗೆ ಒಬ್ಬಳೇ ಹೋಗಲು ಆಕೆಗೆ ಮನೆಯಲ್ಲಿ ಅಪ್ಪಣೆ ಇಲ್ಲ. ಹಡಗಿನ ಡೆಕ್ ಮೇಲೆ ಟೋಪಿ ಹಾಕಿ ಕುಣಿಯುವ ಆಕೆಯ ರೀಲ್ಸ್ ಅನ್ನು ಠೇಕೇದಾರರೇ ಹಾಕಿದರು. ಮರ್ಯಾದೆಗೂ ಕಡಲಗಡಿ ಇದೆ.

ಕೆಲಸದ ಹುಡುಗರನ್ನು ಠೇಕೇದಾರರು ಬಹಳ ಹೊಗಳಿದರು. ಮಂಗಳೂರು, ಗೋವಾ, ಕೇರಳದ ಹುಡುಗರಂತೆ. ಸದಾ ನಗುತ್ತಾರಂತೆ. ನಗದೆ ಏನು ಮಾಡಿಯಾರು? ನಾವಿಕರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ದಿನಕ್ಕೆ ಕನಿಷ್ಠ 10 ತಾಸು ವಿಶ್ರಾಂತಿ ಕೊಡಬೇಕು. ಎಂದರೆ ಒಂದೊಂದು ದಿನ 14 ತಾಸು ದುಡಿಸಿದರೂ ತಪ್ಪಿಲ್ಲ. ತಿಂಗಳುಗಟ್ಟಲೆ ಮನೆ ಕಾಣುವುದಿಲ್ಲ. "ನಮ್ಮ ಲೇಬರ್‌ಗೂ ಹಿಂಗ ಕಲಿಸ್ಬೇಕ್ರಿ" ಎಂದರು. ನಮ್ಮ ಲೇಬರ್ ಎಂದರೆ ಔರಾದ ತಾಂಡಾಗಳ ಮಂದಿ. ಅವರಿಗೆ ನಗು ಕಲಿಸುವ ಮುನ್ನ ಹಿಂದಿನ ಬಾಕಿ ಕೂಲಿ ಕೊಟ್ಟು ನೋಡಬಹುದು. ಪುಕ್ಕಟೆ ನಕ್ಕಾರು.

ಸಮುದ್ರ ಬೀದರಿಗೆ ಹೊಸದಲ್ಲ, ನೆನಪಿರಲಿ. 1453ರಲ್ಲಿ ಇರಾನಿನ ಗೀಲಾನ್ ಕಡೆಯ ವ್ಯಾಪಾರಿ ಮಹಮೂದ್ ಗವಾನ್ ದಾಭೋಳದಲ್ಲಿ ಹಡಗಿಳಿದು ಇಲ್ಲಿಗೆ ಬಂದ. ವಜೀರನಾದ. 1472ರಲ್ಲಿ ಮದರಸಾ ಕಟ್ಟಿಸಿದ. ಖೊಟ್ಟಿ ಪತ್ರವೊಂದನ್ನು ನಂಬಿ ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ಫಾರ್ವರ್ಡ್ ಆದದ್ದನ್ನೆಲ್ಲ ನಂಬುವ ರೋಗವೂ ನಮಗೆ ಹೊಸದಲ್ಲ. ಗವಾನನ ಕಾಲದಲ್ಲೇ ರಷ್ಯಾದ ಅಫನಾಸಿ ನಿಕಿತಿನ್ ಒಂದು ಕುದುರೆಯ ಸಮೇತ ಸಮುದ್ರ ದಾಟಿ ಚೌಲ್‌ನಲ್ಲಿ ಇಳಿದು ಬೀದರ್ ನೋಡಿದ. ಸರದಾರರ ವೈಭವ, ಹಳ್ಳಿಯವರ ದಾರಿದ್ರ್ಯ ಎರಡನ್ನೂ ಬರೆದಿಟ್ಟ. ಸಮುದ್ರ ದಾಟಿ ಬಂದವರಲ್ಲಿ ಒಬ್ಬ ವಿದ್ಯಾಲಯ ಕಟ್ಟಿದ, ಇನ್ನೊಬ್ಬ ಕಣ್ಣಾರೆ ಕಂಡದ್ದು ಬರೆದ. ನಮ್ಮವರು ಸಮುದ್ರಕ್ಕೆ ಹೋಗಿ 140 ರೀಲ್ಸ್ ತಂದರು.

ಕೊನೆಗೊಂದು ಪ್ರಸಂಗ ಠೇಕೇದಾರರ ಬಾಯಿಂದಲೇ ಬಂತು. ಎರಡನೇ ದಿನ ಕೋಣೆಯಲ್ಲಿ ಹತ್ತು ನಿಮಿಷ ಬಿಸಿನೀರು ಬರಲಿಲ್ಲ. ಇವರು ಬನಿಯನ್ ಮೇಲೆಯೇ ಸ್ವಾಗತ ಕಟ್ಟೆಗೆ ಹೋಗಿ ಮೇಜು ಗುದ್ದಿದರು. ರೊಕ್ಕ ಕೊಟ್ಟಿದ್ದೇನೆ, ಮ್ಯಾನೇಜರನ್ನು ಕರೆಯಿರಿ ಎಂದರು. ಮ್ಯಾನೇಜರ್ ಬಂದ. ಕ್ಷಮೆ ಕೇಳಿದ. ನೀರು ಬಂತು. ಹಣ್ಣಿನ ಬುಟ್ಟಿಯೂ ಬಂತು. "ಕೇಳ್ಬೇಕ್ರಿ ಕಾಕಾ. ಕೇಳಿಲ್ಲಂದ್ರ ಯಾರ್ ಕೊಡ್ತಾರ?" ಎಂದರು.

ಇಡೀ ಪ್ರವಾಸದಲ್ಲಿ ಅವರು ಕಲಿತ ಒಂದೇ ಸತ್ಯ ಇದು. ಅದನ್ನು ಅವರಿಗೆ ತಿರುಗಿಸಿ ಕೊಡುವುದು ನಮ್ಮ ಕೆಲಸ. ಬಗದಲ್‌ನವರೂ ತೆರಿಗೆ ಎಂಬ ಟಿಕೆಟ್ ತೆಗೆದಿದ್ದಾರೆ. ಬೆಂಕಿಪೊಟ್ಟಣಕ್ಕೂ ಜಿಎಸ್‌ಟಿ ಕೊಟ್ಟಿದ್ದಾರೆ. ಪಂಚಾಯತ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮಸಭೆ ಕರೆಯಲೇಬೇಕು. ಹೋದ ಸಲ ಕರೆದಾಗ ಬಂದವರಿಗಿಂತ ಕುರ್ಚಿಗಳು ಹೆಚ್ಚಿದ್ದವು. ಸಹಿ ಮಾತ್ರ ಕುರ್ಚಿಗಳಿಗಿಂತ ಹೆಚ್ಚು ಬಿದ್ದವು.

ಮುಂದಿನ ಸಭೆಗೆ ಬನ್ನಿ. ಬನಿಯನ್ ಮೇಲೆ ಬಂದರೂ ನಡೆಯುತ್ತದೆ. ಪೈಪಿನ ಅಂದಾಜು ಪಟ್ಟಿ ಕೇಳಿ, ಬಿಲ್ ಕೇಳಿ, ಕೆಲಸದ ಅಳತೆ ಬರೆದಿಡುವ ಎಂಬಿ ಪುಸ್ತಕ ಕೇಳಿ. ಠೇಕೇದಾರರು ಎದುರಿಗೇ ಕೂತಿರುತ್ತಾರೆ. ಮೇಜು ಗುದ್ದುವುದು ಹೇಗೆಂದು ಮರೆತರೆ ಅವರನ್ನೇ ಕೇಳಿ.