ಕುರ್ಚಿಯ ಹಾಜರಿ

ಮಳೆಗಾಲದ ಮಂಗಳೂರಿನಲ್ಲಿ ಸಿಟೌಟಿನ ಕಬ್ಬಿಣದ ಕುರ್ಚಿ ಬಿಳಿ ಟೈಲ್ಸಿನ ಮೇಲೆ ನಾಲ್ಕು ಕಂದು ಉಂಗುರ ಒತ್ತಿ ಹಾಜರಿ ಹಾಕಿಯೇಬಿಡುತ್ತದೆ. ಉಪ್ಪುಗಾಳಿಯ ಕುಮ್ಮಕ್ಕು ಬೇರೆ! ಹಿರಿಯರು ಜಾಣರು, ನೆಲಕ್ಕೇ ರೆಡ್ ಆಕ್ಸೈಡ್ ಹಾಕಿಸಿದರು. ಅದೂ ಕಬ್ಬಿಣದ ಆಕ್ಸೈಡೇ, ತುಕ್ಕಿನ ಖಾಸಾ ನೆಂಟ. ಕಲೆ ಬಿದ್ದರೂ ಯಾರಿಗೆ ಗೊತ್ತಾಗಬೇಕು? ನಮಗೋ ಬಿಳಿಯೇ ಬೇಕು. ಸರಿ, ಕುರ್ಚಿಯ ಕಾಲು ಉಜ್ಜಿ, ಪ್ರೈಮರ್ ಬಳಿದು, ಎನಾಮಲ್ ಪೇಂಟ್ ಹೊಡೆದು, ರಬ್ಬರ್ ಬುಷ್ ತೊಡಿಸಿ. ಬುಷ್ಷಿನೊಳಗೆ ನೀರು ನಿಂತಿತೋ, ಅಲ್ಲೇ ಗುಟ್ಟಾಗಿ ತುಕ್ಕಿನ ಕಾರ್ಖಾನೆ ಶುರು. ಬಿದ್ದ ಕಲೆಗೆ ನಿಂಬೆರಸ ಆದೀತು. ಮಾರ್ಬಲ್ಲಿಗೆ ಮಾತ್ರ ಬೇಡ, ಕಲೆಯ ಜೊತೆ ಹೊಳಪೂ ಹೋಗುತ್ತದೆ. ಬ್ಲೀಚ್ ಸುರಿದರೆ ಕಲೆ ಇನ್ನಷ್ಟು ಗಟ್ಟಿ. ಪಕ್ಕದ ಮನೆಯವರು ಪ್ಲಾಸ್ಟಿಕ್ ಕುರ್ಚಿ ತಂದಿದ್ದಾರೆ. ಅವರ ನೆಲ ಫಳಫಳ. ಗಾಳಿ ಜೋರಾದರೆ ಕುರ್ಚಿ ನಮ್ಮ ಅಂಗಳದಲ್ಲಿ.