ಬೋಳು ಜಾಗದ ಯಜಮಾನರು

ನ್ಯೂಜೆರ್ಸಿಯ ಎಡಿಸನ್, ಪ್ಲೇನ್ಸ್‌ಬರೊ ಮೊದಲಾದ ಊರುಗಳಲ್ಲಿ ಸ್ವಂತ ಮನೆ ಕೊಂಡು ನೆಲೆಸಿದ ಕನ್ನಡ ಗೃಹಸ್ಥರಲ್ಲಿ ಒಂದು ವರ್ಗದವರನ್ನು ಅವರ ಅಂಗಳದ ಬೋಳು ಜಾಗದಿಂದಲೇ ಗುರುತಿಸಬಹುದು. ಬೋಳು ಜಾಗವೆಂದರೆ ಮನೆಯ ಮುಂದಿನ ಲಾನ್‌ನಲ್ಲಿ, ಅಂದರೆ ಒಂದೇ ಎತ್ತರಕ್ಕೆ ಕತ್ತರಿಸಿ ಹಸಿರಾಗಿ ಇಟ್ಟುಕೊಳ್ಳಬೇಕಾದ ಹುಲ್ಲುಹಾಸಿನಲ್ಲಿ, ಹುಲ್ಲು ಸತ್ತು ಮಣ್ಣು ಕಾಣುವ ಭಾಗ. ಅದು ಒಂದು ಅಡಿ ಅಗಲವಿದ್ದರೂ ಯಜಮಾನರ ಲೆಕ್ಕದಲ್ಲಿ ಇಡೀ ಬೀದಿಗೆ ಕಾಣುತ್ತದೆ; ಎದುರು ಮನೆಯವರು ಅತ್ತ ನೋಡಿದರೆ ಆಡಿಕೊಂಡರೆಂದೂ, ನೋಡದೆ ಹೋದರೆ ಮರ್ಯಾದೆಗಾಗಿ ಮುಖ ತಿರುಗಿಸಿದರೆಂದೂ ಅವರು ಭಾವಿಸುತ್ತಾರೆ.

ಈ ಅಳುಕು ಅವರೇ ಹುಟ್ಟಿಸಿಕೊಂಡದ್ದಲ್ಲ. 1947ರಿಂದ ನ್ಯೂಯಾರ್ಕಿನ ಬಳಿ ಸಾಲುಸಾಲಾಗಿ ಮನೆ ಕಟ್ಟಿ ಮಾರಿದ ಲೆವಿಟ್‌ಟೌನಿನಲ್ಲಿ ವಾರಕ್ಕೊಮ್ಮೆ ಹುಲ್ಲು ಕತ್ತರಿಸಬೇಕೆಂಬ ಷರತ್ತು ಮನೆಯ ಕರಾರಿನಲ್ಲಿಯೇ ಇತ್ತು. ನಾಸಾದ ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದಲ್ಲಿ ಮನೆ, ಕಚೇರಿ, ಗಾಲ್ಫ್ ಮೈದಾನಗಳ ಹುಲ್ಲುಹಾಸು ಎಲ್ಲ ಸೇರಿ ಸುಮಾರು 1,63,800 ಚದರ ಕಿಲೋಮೀಟರ್ ಆಗುತ್ತದೆ. ಕರ್ನಾಟಕದ ಒಟ್ಟು ವಿಸ್ತೀರ್ಣ 1,91,791 ಚದರ ಕಿಲೋಮೀಟರ್ ಎಂಬುದನ್ನು ನೆನೆದರೆ, ಈ ಸಾಮ್ರಾಜ್ಯದ ಒಂದು ಅಡಿ ಬರಿದಾದದ್ದಕ್ಕೆ ಇಷ್ಟು ಕಂಗೆಡಬೇಕೆ ಎನ್ನಿಸಬಹುದು. ಆದರೆ ಆ ಒಂದು ಅಡಿ ಅವರ ಪಾಲಿಗೆ ಬಂದದ್ದು.

ಕಾರಣ ಹುಡುಕುವುದರಲ್ಲಿ ಯಜಮಾನರದು ಅಪಾರ ಪಾಂಡಿತ್ಯ. ಮೊದಲ ಆರೋಪಿ ನೆರೆಮನೆಯ ನಾಯಿ. ಅದರ ಮೂತ್ರದಲ್ಲಿರುವ ಸಾರಜನಕ ಅತಿಯಾಗಿ ಹುಲ್ಲು ಸುಡುವುದುಂಟು. ಎರಡನೆಯದು ಜಪಾನಿ ದುಂಬಿಯ ಮರಿಹುಳು. 1916ರಲ್ಲಿ ಇದೇ ರಾಜ್ಯದ ರಿವರ್ಟನ್‌ನಲ್ಲಿ ಅಮೆರಿಕಕ್ಕೇ ಮೊದಲ ಬಾರಿಗೆ ಕಂಡುಬಂದ ಈ ಕೀಟದ ಮರಿ ಮಣ್ಣಿನೊಳಗೆ ಬೇರು ತಿನ್ನುತ್ತದೆ, ಆಗ ಹುಲ್ಲನ್ನು ಹಿಡಿದೆಳೆದರೆ ಚಾಪೆಯಂತೆ ಮೇಲೇಳುತ್ತದೆ. ಯಜಮಾನರು ದಿನವೂ ಎಳೆದು ಪರೀಕ್ಷಿಸಿ, ಗಟ್ಟಿಯಾಗಿದ್ದ ಹುಲ್ಲನ್ನೂ ಸಡಿಲಿಸುತ್ತಾರೆ. ಪ್ರತಿ ಭಾನುವಾರ ಮಕ್ಕಳೊಂದಿಗೆ ತಾವೇ ಬೌಲಿಂಗ್ ಮಾಡುವಾಗ ಕಾಲೂರುವ ಜಾಗವೂ ಸರಿಯಾಗಿ ಅದೇ ಎಂಬುದು ಮನೆಯವರೆಲ್ಲರಿಗೂ ಗೊತ್ತು.

ಅವರ ನಿಜವಾದ ದೋಷ ಅಜ್ಞಾನವಲ್ಲ, ಮುಹೂರ್ತ. ಏಪ್ರಿಲಿನಲ್ಲಿ ಫಾರ್ಸಿಥಿಯಾ ಎಂಬ ಪೊದೆಯ ಹಳದಿ ಹೂವು ಕಂಡೊಡನೆ ಕ್ರ್ಯಾಬ್‌ಗ್ರಾಸ್, ಅಂದರೆ ವಸಂತದಲ್ಲಿ ಹುಟ್ಟಿ ಬೇಸಿಗೆಯಲ್ಲಿ ಹಬ್ಬಿ ಚಳಿಗೆ ಸಾಯುವ ಕಳೆ, ಮೊಳೆಯದಂತೆ ತಡೆಯುವ ಔಷಧವನ್ನು ಅವರು ಲಾನಿಗೆಲ್ಲ ಹರಡುತ್ತಾರೆ. ಇದು ಸರಿಯಾದ ಕೆಲಸ. ಮರುದಿನ ಬಿಸಿಲು ಹಿತವಾಗಿದೆಯೆಂದು ಬೋಳು ಜಾಗಕ್ಕೆ ಹುಲ್ಲಿನ ಬೀಜ ಎರಚುತ್ತಾರೆ. ಆ ಔಷಧ ಮೇಲ್ಮಣ್ಣಿನಲ್ಲಿ ಪದರವಾಗಿ ನಿಂತು ಎಳೆ ಬೇರಿನ ಬೆಳವಣಿಗೆಯನ್ನೇ ತಡೆಯುವುದರಿಂದ, ಕಳೆಯ ಬೀಜ ಯಾವುದು, ಕಾಸು ಕೊಟ್ಟು ತಂದ ಬೀಜ ಯಾವುದು ಎಂಬ ಭೇದ ಅದಕ್ಕಿಲ್ಲ. ಗುಬ್ಬಚ್ಚಿಗಳು ಮಾತ್ರ ಈ ಬಿತ್ತನೆಯನ್ನು ಮೆಚ್ಚುತ್ತವೆ. ಜುಲೈ ಹೊತ್ತಿಗೆ ರಂಜಕವುಳ್ಳ ಗೊಬ್ಬರವೂ ಬೀಳುತ್ತದೆ. ಕೆರೆತೊರೆ ಕೆಡದಿರಲೆಂದು ನ್ಯೂಜೆರ್ಸಿ 2011ರಲ್ಲಿ ತಂದ ಕಾನೂನು ಮಣ್ಣು ಪರೀಕ್ಷೆಯಿಲ್ಲದೆ ಅದನ್ನು ಹಾಕಬಾರದೆಂದರೂ, ಹೊಸ ಲಾನಿಗೆ ಮತ್ತು ದುರಸ್ತಿಗೆ ವಿನಾಯಿತಿ ಕೊಟ್ಟಿದೆ. ಯಜಮಾನರ ಲಾನ್ ಸದಾ ದುರಸ್ತಿಯಲ್ಲಿಯೇ ಇರುವುದರಿಂದ ಆ ಕಾನೂನು ಅವರಿಗೆ ಎಂದೂ ತಟ್ಟಿಲ್ಲ.

ಉತ್ತರದ ತಂಪು ಹವೆಯ ಹುಲ್ಲುಗಳಿಗೆ ತಕ್ಕ ಬಿತ್ತನೆಯ ಕಾಲ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗೆ. ಆಗ ಮಣ್ಣಿನಲ್ಲಿ ಇನ್ನೂ ಬಿಸುಪಿರುತ್ತದೆ, ಗಾಳಿಯಲ್ಲಿ ಸುಡುವ ಬಿಸಿಲಿರುವುದಿಲ್ಲ. ಸಾಮಾನ್ಯವಾಗಿ ಊರಿನಿಂದ ತಂದೆಯವರು ಬಂದಿರುವ ಕಾಲವೂ ಅದೇ. ತುಮಕೂರು ಕಡೆಯ ಹೊಲದಲ್ಲಿ ಕೂರಿಗೆ ಹಿಡಿದು ರಾಗಿ ಬಿತ್ತಿದ ಆ ಹಿರಿಯರು, ಮಗ ಚೀಲದ ಮೇಲಿನ ಚೀಟಿಯಲ್ಲಿ ಮೊಳಕೆಯ ಪ್ರಮಾಣ, ಕಳೆಬೀಜದ ಪಾಲು, ಬೀಜದ ಮೇಲ್ಲೇಪವೂ ಸೇರಿದ ಜಡವಸ್ತುವಿನ ತೂಕ ಎಲ್ಲವನ್ನೂ ಗಟ್ಟಿಯಾಗಿ ಓದಿ, ಕೊನೆಗೆ ಒಣಹುಲ್ಲಿನ ಮೇಲೆಯೇ ಬೀಜ ಚೆಲ್ಲುವುದನ್ನು ಕಂಡು, ಮಾತಾಡದೆ ಹಲ್ಲುಕೋಲು ತೆಗೆದುಕೊಂಡು ಸತ್ತ ಹುಲ್ಲನ್ನು ಕೆರೆದು, ಕಾಲಂಗುಲ ಮಣ್ಣು ಸಡಿಲಿಸಿ, ಬೀಜ ಮುಚ್ಚಿ, ಮೇಲೆ ಮೆಲ್ಲಗೆ ತುಳಿಯುತ್ತಾರೆ. ಬೀಜ ಮಣ್ಣಿಗೆ ತಾಗದಿದ್ದರೆ ಉಳಿದ ಶಾಸ್ತ್ರವೆಲ್ಲ ವ್ಯರ್ಥವೆಂಬ ಈ ಒಂದು ಸಂಗತಿ ಮಗನಿಗೂ ತಿಳಿದದ್ದೇ, ಆದರೆ ಅವನು ಅದನ್ನು ಕೈಯಿಂದ ತಿಳಿದಿರಲಿಲ್ಲ.

ಚೀಲದಲ್ಲಿ ಇರುವುದು ಮಿಶ್ರಬೀಜ. ರೈ ಹುಲ್ಲು ಐದರಿಂದ ಹತ್ತು ದಿನಗಳಲ್ಲಿ ಮೊಳೆತರೆ, ಹೆಸರಿಗೆ ಕೆಂಟಕಿಯದಾದರೂ ಯುರೋಪಿನಿಂದ ಬಂದ ಕೆಂಟಕಿ ಬ್ಲೂಗ್ರಾಸ್ ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ದಿನಕ್ಕೆ ಎರಡು ಮೂರು ಸಲ ತೆಳುವಾಗಿ ನೀರು ಹಾಕಿ ಮೇಲ್ಮಣ್ಣು ಆರದಂತೆ ನೋಡಿಕೊಳ್ಳಬೇಕು. ಯಜಮಾನರು ಒಂದು ವಾರ ಆಫೀಸಿನ ಮೀಟಿಂಗ್ ನಡುವೆಯೂ ಎದ್ದು ಹೋಗಿ ನೀರು ಹಾಕುತ್ತಾರೆ. ರೈ ಹುಲ್ಲಿನ ಕೂದಲಿನಷ್ಟು ತೆಳ್ಳನೆಯ ಹಸಿರು ಕಂಡ ದಿನ ಮಂಡಿಯೂರಿ ಫೋಟೋ ತೆಗೆದು, ಮೂರು ವಾಟ್ಸ್ಆ್ಯಪ್ ಬಳಗಗಳಿಗೆ ಕಳುಹಿಸಿ, ಅಭಿನಂದನೆ ಸ್ವೀಕರಿಸಿ, ನೀರು ನಿಲ್ಲಿಸುತ್ತಾರೆ. ನೆಲದೊಳಗೆ ಆಗಷ್ಟೇ ಉಬ್ಬಿ ಬಿರಿಯುತ್ತಿದ್ದ ಬ್ಲೂಗ್ರಾಸ್ ಅಲ್ಲಿಯೇ ಒಣಗುತ್ತದೆ.

ಇಷ್ಟೆಲ್ಲದರ ನಡುವೆ ಆ ಬೋಳು ಜಾಗದ ಇತ್ತೀಚಿನ ವಿಸ್ತರಣೆಗೆ ಯಜಮಾನರೇ ಕಾರಣರು. ಆ ನಾಡಿನಲ್ಲಿ ಬರ್ಮುಡಾ ಗ್ರಾಸ್ ಎನ್ನಿಸಿಕೊಳ್ಳುವ ಗರಿಕೆ, ನೆಲದ ಮೇಲೆ ಹಂಬಾಗಿಯೂ ಒಳಗೆ ಕಾಂಡವಾಗಿಯೂ ಹರಿದು ತಂಪು ಹವೆಯ ಹುಲ್ಲನ್ನು ನುಂಗುವುದರಿಂದ, ಮಧ್ಯ ನ್ಯೂಜೆರ್ಸಿಯ ಲಾನ್‌ಗಳಲ್ಲಿ ಹಟಮಾರಿ ಕಳೆ. ಬೇಸಿಗೆಯಲ್ಲಿ ಅದಕ್ಕೆ ಗ್ಲೈಫೊಸೇಟ್ ಎಂಬ ಕಳೆನಾಶಕ ಸಿಂಪಡಿಸಿ ಸುತ್ತಲಿನದೆಲ್ಲವನ್ನೂ ಕೊಂದಿದ್ದರು. ತಂದೆಯವರ ಪ್ರಶ್ನೆ ಚಿಕ್ಕದಿತ್ತು: “ಹುಲ್ಲನ್ನ ಕೊಂದು ಹುಲ್ಲು ಬಿತ್ತೋದೇನೋ?” “ಅದು ಕಳೆ, ಅಪ್ಪ” ಎಂಬ ಉತ್ತರಕ್ಕೆ ಅವರು “ಗರಿಕೆ ಕಣೋ ಅದು” ಎಂದಷ್ಟೇ ಹೇಳಿ ಒಳಗೆ ಹೋದರು. ಕೆಲವೇ ದಿನಗಳಲ್ಲಿ ಗಣೇಶ ಚತುರ್ಥಿ ಬಂದು, ಇಪ್ಪತ್ತೊಂದು ಗರಿಕೆ ಎಲ್ಲಿ ಎಂದು ಮನೆಯಾಕೆ ಕೇಳಿದಾಗ, ಯಜಮಾನರು ಅಂಗಳಕ್ಕೆಲ್ಲ ಒಂದು ಸುತ್ತು ಹಾಕಿ, ತಮ್ಮ ಔಷಧದ ಪರಿಣಾಮವನ್ನು ಮೊದಲ ಬಾರಿಗೆ ಶಪಿಸುತ್ತ, ಓಕ್ ಟ್ರೀ ರಸ್ತೆಯ ಭಾರತೀಯ ಅಂಗಡಿಯಿಂದ ಗರಿಕೆಯ ಪೊಟ್ಟಣ ಕೊಂಡು ತಂದರು.

ಪೂಜೆ ಮುಗಿದ ಮೇಲೆ ನಿರ್ಮಾಲ್ಯವನ್ನು ಕಸದ ಡಬ್ಬಿಗೆ ಹಾಕಲು ತಂದೆಯವರ ಮನಸ್ಸು ಒಪ್ಪಲಿಲ್ಲ. ಯಾರೂ ತುಳಿಯದಂತೆ ಸುತ್ತ ದಾರ ಕಟ್ಟಿ, ಮಣ್ಣು ಸಡಿಲಿಸಿ, ಮೂರು ಹೊತ್ತು ನೀರು ಕಾಣುತ್ತಿದ್ದ ಜಾಗ ಅಂಗಳದಲ್ಲಿ ಒಂದೇ ಇದ್ದುದರಿಂದ ಅವರು ಅದನ್ನು ಅಲ್ಲಿಯೇ ಹಾಕಿದರು. ಗೆಣ್ಣು ಉಳಿದ ಗರಿಕೆ ಹಸಿ ಮಣ್ಣಿಗೆ ತಾಗಿದರೆ ಬೇರು ಬಿಡುತ್ತದೆ.